ಓಡುವ ಹುಡುಗಿಗೆ ಹೈಸ್ಕೂಲ್ ಹುಡುಕಿದೆವು: ಪುಣೆಯ ಮೂರು ಖಾಸಗಿ ಶಾಲೆಗಳ ಸ್ಪೋರ್ಟ್ಸ್ ಸ್ಕಾಲರ್‌ಶಿಪ್ ಹೇಗಿದೆ?

ನೇರವಾಗಿ ವಿಷಯಕ್ಕೆ ಬರುತ್ತೇನೆ. ಮಗಳ ಎಂಟನೇ ತರಗತಿಗೆ ಪುಣೆಯಲ್ಲಿ ಮೂರು ಖಾಸಗಿ ಶಾಲೆಗಳನ್ನು ಚೆನ್ನಾಗಿ ವಿಚಾರಿಸಿ ನೋಡಿದೆವು. ಮೂರೂ ಕಡೆ ಆಟದಲ್ಲಿ ಮುಂದಿರುವ ಮಕ್ಕಳಿಗೆ ಸ್ಕಾಲರ್‌ಶಿಪ್ ಇದೆ. ಒಬ್ಬರು ಪೂರ್ತಿ ಫೀ ಮಾಫಿ ಅಂದರು, ಒಬ್ಬರು ಮುಕ್ಕಾಲು ಅಂದರು, ಇನ್ನೊಬ್ಬರು ಶೇಕಡಾ 40 ಅಂದರು. ನಾವು ಸೇರಿಸಿದ್ದು ಶೇಕಡಾ 40 ಕೊಟ್ಟ ಶಾಲೆಗೆ. ಇದನ್ನು ಕೇಳಿದವರೆಲ್ಲ ಯಾಕೆ ಅಂತ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಶಾಲೆಗಳ ಹೆಸರು ಹಾಕುತ್ತಿಲ್ಲ. ಸ್ಕಾಲರ್‌ಶಿಪ್ ನಿಯಮ ವರ್ಷಕ್ಕೊಮ್ಮೆ ಬದಲಾಗುತ್ತದೆ, ಒಬ್ಬ ಪಿ.ಟಿ. ಸರ್ ಕೆಲಸ ಬಿಟ್ಟರೆ ಇಡೀ ಶಾಲೆಯ ಆಟವೇ ಬದಲಾಗುತ್ತದೆ. ಗುರುತಿಗೆ ಮುಕ್ಕಾಲು ಅಂದವರನ್ನು ದೊಡ್ಡ ಶಾಲೆ, ಪೂರ್ತಿ ಮಾಫಿ ಅಂದವರನ್ನು ಹಳೆ ಶಾಲೆ, ನಾವು ಸೇರಿಸಿದ್ದನ್ನು ನಮ್ಮ ಶಾಲೆ ಅಂತ ಕರೆಯುತ್ತೇನೆ.

ನಾವು ಹುಬ್ಬಳ್ಳಿ ಕಡೆಯವರು, ಮನೆ ಸಿಂಹಗಡ ರಸ್ತೆಯ ಹತ್ತಿರ. ಮಗಳು 400 ಮತ್ತು 600 ಮೀಟರ್ ಓಡುತ್ತಾಳೆ. ಬೆಳಿಗ್ಗೆ ಸ್ವಾರಗೇಟ್ ಹತ್ತಿರದ ಸಣಸ್ ಮೈದಾನದ ಸಿಂಥೆಟಿಕ್ ಟ್ರ್ಯಾಕಿನಲ್ಲಿ ಅಭ್ಯಾಸ. ಅವಳ ಹಿಂದಿನ ಶಾಲೆ ಏಳನೆಯವರೆಗೆ ಮಾತ್ರ ಇತ್ತು, ಹಾಗಾಗಿ ಬದಲಾಯಿಸಲೇಬೇಕಿತ್ತು. ಇಬ್ಬರೂ ದುಡಿಯುತ್ತೇವೆ, ಆದರೂ ದೊಡ್ಡ ಶಾಲೆಗಳ ಫೀ ಪೂರ್ತಿ ಕಟ್ಟುವ ಶಕ್ತಿ ಇಲ್ಲ. ಶೂ, ಸ್ಪೈಕ್ಸ್, ಕೋಚಿನ ಫೀ, ಊರೂರಿಗೆ ಕರೆದುಕೊಂಡು ಹೋಗುವ ಖರ್ಚು ಬೇರೆ ಇದೆ. ಆಡುವ ಮಕ್ಕಳಿರುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಮೊದಲು ಒಂದು ವಿಷಯ. ಬಹಳ ಜನ ಶಿಕ್ಷಣ ಹಕ್ಕು ಕಾಯ್ದೆಯ ಶೇಕಡಾ 25 ಸೀಟು ಸಿಗುತ್ತಾ ಅಂತ ಕೇಳುತ್ತಾರೆ. 2009ರ ಆ ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಅನ್ವಯಿಸುತ್ತದೆ, ಆದರೆ ಖಾಸಗಿ ಶಾಲೆಯ ಆ 25ರ ಸೀಟು ಇರುವುದು ಒಂದನೇ ತರಗತಿಗೆ ಅಥವಾ ಅದಕ್ಕೂ ಮೊದಲಿನ ತರಗತಿಗೆ. ಎಂಟನೆಗೆ ಹೊಸದಾಗಿ ಹೋದರೆ ಅದು ಸಿಗುವುದಿಲ್ಲ. ಡೊನೇಷನ್ ಕೇಳಬಾರದು, ಪ್ರವೇಶಕ್ಕೆ ಮಗುವನ್ನಾಗಲಿ ಪೋಷಕರನ್ನಾಗಲಿ ಪರೀಕ್ಷೆ ಮಾಡಬಾರದು ಅಂತ ಅದೇ ಕಾಯ್ದೆಯ 13ನೇ ಸೆಕ್ಷನ್ ಹೇಳುತ್ತದೆ. ಮಗುವನ್ನು ಓಡಿಸಿ, ಆಡಿಸಿ ನೋಡುವ ಟ್ರಯಲ್ಸ್ ನಡೆಸುವುದು ಪ್ರವೇಶಕ್ಕಲ್ಲ, ಸ್ಕಾಲರ್‌ಶಿಪ್‌ಗೆ ಅಂತ ಶಾಲೆಯವರು ಹೇಳುತ್ತಾರೆ. ಸ್ಕಾಲರ್‌ಶಿಪ್ ಎಷ್ಟು ಕೊಡಬೇಕು, ಯಾವಾಗ ನಿಲ್ಲಿಸಬೇಕು ಅನ್ನುವುದು ಅವರ ಇಷ್ಟಕ್ಕೆ ಬಿಟ್ಟದ್ದು. ಹಾಗಾಗಿ ನಿಮ್ಮ ಕೈಗೆ ಕೊಡುವ ಕಾಗದದಲ್ಲಿ ಏನು ಬರೆದಿದೆಯೋ ಅಷ್ಟೇ ನಿಮಗೆ ಸಿಗುವುದು.

ಈಗ ಆ ಕಾಗದಕ್ಕೆ ಬರೋಣ. ದೊಡ್ಡ ಶಾಲೆ ಊರ ಹೊರಗೆ ಗುಡ್ಡದ ಬದಿಗಿದೆ. ಸಿಬಿಎಸ್‌ಇ, ಈಜುಕೊಳ, ಟರ್ಫ್, ಎಲ್ಲವೂ ಇದೆ. ಅವರ ಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಶೇಕಡಾ 75 ರಿಯಾಯಿತಿ ಅಂತ ಇತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ, ಇದು ಟ್ಯೂಷನ್ ಫೀಗೆ ಮಾತ್ರ ಅಂತ. ಲೆಕ್ಕ ಸುಲಭವಾಗಲಿ ಅಂತ ದುಂಡು ಸಂಖ್ಯೆ ಇಟ್ಟುಕೊಳ್ಳಿ. ವರ್ಷಕ್ಕೆ ಒಟ್ಟು 2 ಲಕ್ಷ ಕಟ್ಟಬೇಕು ಅನ್ನೋಣ. ಅದರಲ್ಲಿ ಟ್ಯೂಷನ್ ಫೀ ಅಂತ ತೋರಿಸುವುದು 1 ಲಕ್ಷ. ಉಳಿದ 1 ಲಕ್ಷ ಟರ್ಮ್ ಫೀ, ಆ್ಯಕ್ಟಿವಿಟಿ ಫೀ, ಸ್ಮಾರ್ಟ್ ಕ್ಲಾಸ್, ಬಸ್ಸು, ಊಟ, ಯೂನಿಫಾರ್ಮ್. 75 ಅಂದರೆ 75,000 ಮಾಫಿ, 1,25,000 ಕೈಯಿಂದ ಹೋಗುತ್ತದೆ. ಒಟ್ಟು ಮೊತ್ತದ ಮೇಲೆ ನೋಡಿದರೆ ಶೇಕಡಾ 37.5. ನಮ್ಮ ಶಾಲೆಯವರು ಶೇಕಡಾ 40 ಕೊಟ್ಟಿದ್ದು ಬಸ್ ಬಿಟ್ಟು ಉಳಿದ ಎಲ್ಲದರ ಮೇಲೆ, ಅವರ ಒಟ್ಟು ಫೀಯೇ ಕಡಿಮೆ. ಆದ್ದರಿಂದ ಪರ್ಸೆಂಟೇಜ್ ಕೇಳಬೇಡಿ. ವರ್ಷಕ್ಕೆ ನಮ್ಮ ಜೇಬಿನಿಂದ ಒಟ್ಟು ಎಷ್ಟು ಹೋಗುತ್ತದೆ, ಅದನ್ನು ಸಾಲುಸಾಲಾಗಿ ಬರೆದುಕೊಡಿ ಅಂತ ಕೇಳಿ. ಕೊಡಲು ಹಿಂದೆಮುಂದೆ ನೋಡಿದರೆ ಅದೇ ಒಂದು ಉತ್ತರ. ಮಹಾರಾಷ್ಟ್ರದಲ್ಲಿ ಖಾಸಗಿ ಶಾಲೆಗಳ ಫೀ ನಿಯಂತ್ರಣಕ್ಕೆ 2011ರ ಕಾಯ್ದೆಯೇ ಇದೆ, ಪೋಷಕರ ಸಮಿತಿಯ ಮುಂದೆ ಫೀ ಇಟ್ಟು ಒಪ್ಪಿಗೆ ಪಡೆಯಬೇಕು. ಒಪ್ಪಿಗೆಯಾದ ಪಟ್ಟಿ ತೋರಿಸಿ ಅಂತ ಕೇಳುವ ಹಕ್ಕು ನಿಮಗಿದೆ, ಸಂಕೋಚ ಬೇಡ.

ಆ ಪತ್ರದಲ್ಲಿ ಇನ್ನೊಂದು ಸಾಲು ಇತ್ತು. ಪ್ರತಿ ವರ್ಷ ರಾಜ್ಯ ಮಟ್ಟದಲ್ಲಿ ಪದಕ ತರಬೇಕು, ಇಲ್ಲದಿದ್ದರೆ ಮುಂದಿನ ವರ್ಷದಿಂದ ಪೂರ್ತಿ ಫೀ. ನನ್ನ ಮನಸ್ಸು ಅಲ್ಲೇ ಹಿಂದೆ ಸರಿಯಿತು. ಹದಿಮೂರು ವರ್ಷದ ಹುಡುಗಿ. ಮುಂದಿನ ವರ್ಷ ಎತ್ತರ ಬೆಳೆಯುತ್ತಾಳೆ, ಮೈ ಬದಲಾಗುತ್ತದೆ, ಓಟದ ಲಯ ತಪ್ಪುತ್ತದೆ, ಮತ್ತೆ ಹೊಂದಿಕೊಳ್ಳಲು ಒಂದು ಸೀಸನ್ ಬೇಕಾಗಬಹುದು. ಅದಕ್ಕಿಂತ ಮುಖ್ಯವಾಗಿ ವಯಸ್ಸಿನ ಗುಂಪು ಬದಲಾಗುತ್ತದೆ. ಶಾಲಾ ಆಟಗಳಲ್ಲಿ 14, 17, 19 ವರ್ಷದೊಳಗೆ ಅಂತ ಮೂರು ಗುಂಪು. ವಯಸ್ಸು ಲೆಕ್ಕ ಹಾಕುವುದು ಆ ವರ್ಷದ ಡಿಸೆಂಬರ್ 31ಕ್ಕೆ. ಹದಿನಾಲ್ಕರೊಳಗಿನ ಗುಂಪಿನಲ್ಲಿ ಗೆಲ್ಲುತ್ತಿದ್ದ ಮಗು ಮರುವರ್ಷ ಹದಿನಾರು ವರ್ಷದ ಹುಡುಗಿಯರ ಜೊತೆ ಓಡಬೇಕು. ಆ ವರ್ಷ ಫೈನಲ್ ತಲುಪಿದರೂ ದೊಡ್ಡದು. ಸರಿಯಾಗಿ ಅದೇ ವರ್ಷ ಸ್ಕಾಲರ್‌ಶಿಪ್ ಕಿತ್ತುಕೊಂಡರೆ ಮಗು ಏನಂದುಕೊಳ್ಳುತ್ತದೆ? ಅಪ್ಪ ಅಮ್ಮ ನನ್ನ ಕಾಲಿನಿಂದಾಗಿ ಫೀ ಕಟ್ಟಬೇಕಾಯಿತು ಅಂತ. ಆ ಭಾರ ಅವಳ ಮೇಲೆ ಹಾಕಲು ನಮಗೆ ಇಷ್ಟವಿರಲಿಲ್ಲ.

ನಾನು ಮೂರೂ ಕಡೆ ಒಂದೇ ಪ್ರಶ್ನೆ ಕೇಳಿದೆ. ಮಗುವಿಗೆ ಪೆಟ್ಟಾಗಿ ಆರು ತಿಂಗಳು ಓಡಲು ಆಗದಿದ್ದರೆ ಸ್ಕಾಲರ್‌ಶಿಪ್ ಏನಾಗುತ್ತದೆ? ದೊಡ್ಡ ಶಾಲೆಯ ಅಡ್ಮಿಷನ್ ಮೇಡಂ ನಕ್ಕು, "ಅಯ್ಯೋ, ಈಗಲೇ ಯಾಕೆ ಕೆಟ್ಟದ್ದು ಯೋಚಿಸ್ತೀರಿ, ಆಗ ಮ್ಯಾನೇಜ್‌ಮೆಂಟ್ ನೋಡುತ್ತೆ" ಅಂದರು. ಹಳೆ ಶಾಲೆಯಲ್ಲಿ, ನಮ್ಮ ಫೀ ಅಷ್ಟು ಜಾಸ್ತಿ ಏನಿಲ್ಲ, ಒಮ್ಮೆ ಮಾಫಿ ಮಾಡಿದರೆ ಹತ್ತನೆಯವರೆಗೂ ಮಾಫಿ ಅಂದರು, ಅದು ಅವರ ದೊಡ್ಡತನ. ನಮ್ಮ ಶಾಲೆಯ ಹೆಡ್‌ಮಿಸ್ಟ್ರೆಸ್ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, ಪತ್ರವನ್ನು ತಮ್ಮ ಕಡೆ ತಿರುಗಿಸಿಕೊಂಡು, ನೀಲಿ ಪೆನ್ನಿನಲ್ಲಿ ಅಂಚಿನಲ್ಲೇ ಬರೆದರು: ಡಾಕ್ಟರ್ ಸರ್ಟಿಫಿಕೇಟ್ ಇದ್ದರೆ ಒಂದು ವರ್ಷದವರೆಗೆ ರಿಯಾಯಿತಿ ಮುಂದುವರಿಯುತ್ತದೆ. ಕೆಳಗೆ ಸಹಿ, ದಿನಾಂಕ, ಶಾಲೆಯ ಸೀಲು. ಆ ಹಾಳೆಯ ಝೆರಾಕ್ಸ್ ನಮ್ಮ ಫೈಲಿನಲ್ಲಿದೆ. ನಮ್ಮ ಮನೆಯವರು ಆಗಲೇ ನನ್ನ ಕಡೆ ನೋಡಿ ತಲೆಯಾಡಿಸಿದರು.

ಬೆಳೆಯುವ ವಯಸ್ಸಿನಲ್ಲಿ ಹಿಮ್ಮಡಿ ನೋವು, ಮೊಣಕಾಲಿನ ಕೆಳಗೆ ನೋವು ಓಡುವ ಮಕ್ಕಳಿಗೆ ಮಾಮೂಲಿ. ಮೂಳೆ ಬೆಳೆಯುವ ಜಾಗ ಇನ್ನೂ ಗಟ್ಟಿಯಾಗಿರುವುದಿಲ್ಲ, ಸ್ನಾಯು ಅಲ್ಲೇ ಎಳೆಯುತ್ತದೆ. ಹೆಚ್ಚಿನ ಸಲ ವಿಶ್ರಾಂತಿ ಕೊಟ್ಟರೆ, ಓಟ ಕಡಿಮೆ ಮಾಡಿದರೆ ಸರಿಹೋಗುತ್ತದೆ. ಪದಕ ತರಲೇಬೇಕು ಅನ್ನುವ ಷರತ್ತು ಇದ್ದರೆ ವಿಶ್ರಾಂತಿ ಯಾರು ಕೊಡುತ್ತಾರೆ? ವಾರಕ್ಕೆ ಒಂದು ದಿನವಾದರೂ ಪೂರ್ತಿ ರಜೆ ಕೊಡುತ್ತೀರಾ ಅಂತ ಕೋಚಿಗೆ ಕೇಳಿ. "ಏಳು ದಿನವೂ ಪ್ರಾಕ್ಟೀಸ್ ಮೇಡಂ" ಅಂತ ಹೆಮ್ಮೆಯಿಂದ ಹೇಳುವವರ ಹತ್ತಿರ ಹುಷಾರು.

ಮೈದಾನದ ವಿಷಯ. ಶಾಲೆ ತೋರಿಸುವ ದಿನ ಹೋಗಬೇಡಿ. ಮಾಮೂಲಿ ಒಂದು ಮಂಗಳವಾರವೋ ಬುಧವಾರವೋ ಮಧ್ಯಾಹ್ನ ಮೂರೂವರೆಗೆ, ಸ್ಕೂಲ್ ಬಿಡುವ ಹೊತ್ತಿಗೆ, ಗೇಟಿನ ಹೊರಗೆ ನಿಂತು ನೋಡಿ. ದೊಡ್ಡ ಶಾಲೆಯಲ್ಲಿ ಕಣ್ಣಾರೆ ಕಂಡದ್ದು ಇದು. ಬಸ್ಸುಗಳು ಹೊರಟ ಕೂಡಲೇ ಬೇರೆ ಬಣ್ಣದ ಟೀ ಶರ್ಟ್ ಹಾಕಿದ ಮಕ್ಕಳು ಕಾರುಗಳಲ್ಲಿ ಬಂದಿಳಿದರು. ಟರ್ಫನ್ನು ಸಂಜೆ ಹೊತ್ತು ಹೊರಗಿನ ಫುಟ್‌ಬಾಲ್ ಅಕಾಡೆಮಿಗೆ ಬಾಡಿಗೆಗೆ ಕೊಟ್ಟಿದ್ದಾರೆ. ಶಾಲೆಯ ಯೂನಿಫಾರ್ಮಿನ ಮೂವರು ಹುಡುಗಿಯರು ಪಾರ್ಕಿಂಗಿನ ಪೇವರ್ ಬ್ಲಾಕ್ ಮೇಲೆ ವಾರ್ಮ್ ಅಪ್ ಮಾಡುತ್ತಿದ್ದರು. ಬ್ಲಾಕಿನ ಸಂದಿಗಳಲ್ಲಿ ನೀರು ನಿಂತಿತ್ತು, ಒಬ್ಬಳು ಬೂಟಿನ ತುದಿಯಿಂದ ನೀರು ಸರಿಸಿ ಜಾಗ ಮಾಡಿಕೊಳ್ಳುತ್ತಿದ್ದಳು. ಗಟ್ಟಿ ನೆಲದ ಮೇಲೆ ದಿನಾ ಓಡಿದರೆ ಮೊಣಕಾಲಿನ ಕೆಳಗೆ ಮುಂಭಾಗದ ಎಲುಬು ನೋಯುತ್ತದೆ, ಇದು ಯಾವ ಕೋಚಿಗೂ ಗೊತ್ತಿರುವ ವಿಷಯ. ವಿಚಾರಿಸಿದರೆ, ಅಕಾಡೆಮಿಗೆ ಸೇರಿದರೆ ಟರ್ಫ್ ಸಿಗುತ್ತದೆ, ಅದರ ಫೀ ಬೇರೆ, ಸ್ಕಾಲರ್‌ಶಿಪ್ ಅದಕ್ಕೆ ಇಲ್ಲ ಅಂದರು. ಮಗು ಆಟಕ್ಕಾಗಿ ಸ್ಕಾಲರ್‌ಶಿಪ್ ಪಡೆದು, ಆಡಲು ಮತ್ತೆ ದುಡ್ಡು ಕಟ್ಟಬೇಕು! ನನಗೆ ತುಂಬಾ ಬೇಸರವಾಗಿದ್ದು ಇದೇ.

ಟ್ರೋಫಿ ಕಪಾಟನ್ನೂ ನೋಡಿ, ಆದರೆ ಹತ್ತಿರ ಹೋಗಿ ಓದಿ. ಕಪ್ಪಿನ ಮೇಲೆ ಇಸವಿ ಇರುತ್ತದೆ. ಒಂದಿಬ್ಬರು ಮಕ್ಕಳ ಹೆಸರೇ ಎಲ್ಲ ಕಡೆ ಇದ್ದರೆ, ಆ ಮಕ್ಕಳು ಬೆಳಿಗ್ಗೆ ಎಲ್ಲಿ ತರಬೇತಿ ಪಡೆಯುತ್ತಿದ್ದರು ಅಂತ ಕೇಳಿ. ಹಲವು ಸಲ ಹೊರಗಿನ ಕೋಚ್ ತಯಾರು ಮಾಡಿದ ಮಗುವಿನ ಫೋಟೋ ಶಾಲೆಯ ಹೋರ್ಡಿಂಗಿನಲ್ಲಿ ಇರುತ್ತದೆ. ಮಗುವಿಗೆ ಬಿಡುವು ಕೊಟ್ಟು ಕಳಿಸಿದರು ಅನ್ನುವುದೂ ಒಂದು ಸಹಾಯವೇ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ನಾಲ್ಕನೆಯ, ಐದನೆಯ ಸ್ಥಾನ ಬರುವ ಮಕ್ಕಳು ಆ ಶಾಲೆಯಲ್ಲಿ ಎಷ್ಟು ಜನ ಇದ್ದಾರೆ, ಅವರನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ನೋಡಿದರೆ ಶಾಲೆಯ ನಿಜವಾದ ಆಟ ಗೊತ್ತಾಗುತ್ತದೆ.

ಹಳೆ ಶಾಲೆ ನನಗೆ ತುಂಬಾ ಹಿಡಿಸಿತು. ಪೇಟೆಯೊಳಗಿನ ಟ್ರಸ್ಟ್ ಶಾಲೆ, ಖೋ-ಖೋ ಮತ್ತು ಕಬಡ್ಡಿಯಲ್ಲಿ ಗಟ್ಟಿ. ಕೆಂಪು ಮಣ್ಣಿನ ಅಂಗಳ, ಎರಡು ಕಂಬ, ಮಕ್ಕಳ ಕಾಲು ಮೊಣಕಾಲಿನವರೆಗೆ ಮಣ್ಣು. ಸರ್ ಒಬ್ಬರು ನಮ್ಮ ಹುಡುಗಿಯನ್ನು ಒಂದು ಸುತ್ತು ಓಡಿಸಿ ನೋಡಿ, ಮರಾಠಿಯಲ್ಲಿ ನೇರವಾಗಿ ಹೇಳಿದರು, ಖೋ-ಖೋ ಆದರೆ ನಾಳೆಯಿಂದಲೇ ಕಳಿಸಿ, 400 ಮೀಟರ್ ಕಲಿಸಲು ನನಗೆ ಬರುವುದಿಲ್ಲ, ಇಲ್ಲಿ ಜಾಗವೂ ಇಲ್ಲ. ಇಂಥ ಮಾತು ಹೇಳುವವರು ಎಷ್ಟು ಜನ ಸಿಗುತ್ತಾರೆ? ಖೋ-ಖೋ ಆಡುವ ಮಗು ನಿಮ್ಮ ಮನೆಯಲ್ಲಿದ್ದರೆ ಕಣ್ಣುಮುಚ್ಚಿ ಇಂಥ ಪೇಟೆ ಶಾಲೆಗಳನ್ನು ನೋಡಿ, ಈಜುಕೊಳ ಇರುವ ಶಾಲೆಯ ಹಿಂದೆ ಹೋಗಬೇಡಿ. ನಮಗೆ ಓಟವೇ ಬೇಕಿತ್ತು, ಬಿಟ್ಟುಬಂದೆವು.

ನಮ್ಮ ಶಾಲೆಯಲ್ಲಿ ಸಿಂಥೆಟಿಕ್ ಟ್ರ್ಯಾಕ್ ಇಲ್ಲ. ಮಣ್ಣಿನ 200 ಮೀಟರ್ ಸುತ್ತು, ಸುಣ್ಣದ ಗೆರೆ, ಮಳೆಗಾಲದಲ್ಲಿ ಕೆಸರು. ಆದರೆ ಓಟ ಕಲಿಸುವ ಪಿ.ಟಿ. ಮೇಡಂ ಇದ್ದಾರೆ, ತಾವೂ ಓಡಿದವರು, ಶಾಲೆಯಿಂದಲೇ ಸಂಬಳ. ಅವರ ಹತ್ತಿರ ಒಂದು ಉದ್ದ ನೋಟ್‌ಬುಕ್ ಇದೆ. ಪ್ರತಿ ಮಗುವಿನ ಹೆಸರು, ತಿಂಗಳ ಟೈಮಿಂಗ್, ಎತ್ತರ, ತೂಕ, ಪಕ್ಕದಲ್ಲಿ ಚಿಕ್ಕದಾಗಿ ಟಿಪ್ಪಣಿ: ಹಿಮ್ಮಡಿ ನೋವು, ಈ ವಾರ ಓಟ ಬೇಡ. ಹೆಣ್ಣುಮಕ್ಕಳ ಹೆಸರಿನ ಮುಂದೆ ಹಿಮೋಗ್ಲೋಬಿನ್ ಅಂತ ಒಂದು ಕಾಲಂ ಇತ್ತು. ಮುಟ್ಟು ಶುರುವಾಗುವ ವಯಸ್ಸು, ಓಡುವ ಹುಡುಗಿಯರಲ್ಲಿ ಕಬ್ಬಿಣದ ಅಂಶ ಕಡಿಮೆಯಾದರೆ ಸುಸ್ತಾಗುತ್ತದೆ, ಮಗು ಸೋಮಾರಿಯಾಗಿದೆ ಅಂತ ಎಲ್ಲರೂ ಬಯ್ಯುತ್ತಾರೆ. ಆ ಕಾಲಂ ಹಾಕಿಟ್ಟ ಮೇಡಂ ಮೇಲೆ ನನಗೆ ಅಷ್ಟು ಗೌರವ ಬಂತು.

ಹುಡುಗಿಯರ ತಾಯಂದಿರು ಇನ್ನೂ ಕೆಲವು ಕೇಳಲೇಬೇಕು. ಬಟ್ಟೆ ಬದಲಿಸಲು ಬಾಗಿಲು ಚಿಲಕ ಇರುವ ಕೋಣೆ ಇದೆಯಾ? ಬೇರೆ ಊರಿಗೆ ಟೂರ್ನಮೆಂಟಿಗೆ ಹೋದಾಗ ಜೊತೆಗೆ ಮಹಿಳಾ ಟೀಚರ್ ಬರುತ್ತಾರಾ, ಎಲ್ಲಿ ಉಳಿಸುತ್ತಾರೆ? ಗುತ್ತಿಗೆಯ ಮೇಲೆ ಬರುವ ಕೋಚ್‌ಗಳ ಪೊಲೀಸ್ ವೆರಿಫಿಕೇಷನ್ ಆಗಿದೆಯಾ? ಮಕ್ಕಳ ರಕ್ಷಣೆಗೆ 2012ರ ಪೋಕ್ಸೋ ಕಾಯ್ದೆ ಇದೆ, ಅದರ ಬಗ್ಗೆ ಶಾಲೆಯಲ್ಲಿ ದೂರು ಕೇಳುವವರು ಯಾರು ಅಂತ ಹೆಸರು ಕೇಳಿ. ದೊಡ್ಡ ಶಾಲೆಯೇ ಇದರಲ್ಲಿ ಎಲ್ಲರಿಗಿಂತ ಚೆನ್ನಾಗಿ ಉತ್ತರ ಕೊಟ್ಟಿತು, ಅದನ್ನೂ ಹೇಳಬೇಕು.

ಬೋರ್ಡ್ ಯಾವುದು ಅನ್ನುವುದು ಓದಿಗೆ ಮಾತ್ರ ಸಂಬಂಧಿಸಿದ್ದು ಅಂತ ಅಂದುಕೊಂಡಿರುತ್ತೇವೆ. ಆಟದ ದಾರಿಯೂ ಅದರ ಜೊತೆ ಬದಲಾಗುತ್ತದೆ. ಮಹಾರಾಷ್ಟ್ರದಲ್ಲಿ ಜಿಲ್ಲಾ ಕ್ರೀಡಾಧಿಕಾರಿ ಕಚೇರಿ ಶಾಲಾ ಆಟಗಳನ್ನು ನಡೆಸುತ್ತದೆ. ಜಿಲ್ಲೆ, ಆಮೇಲೆ ವಿಭಾಗ, ಆಮೇಲೆ ರಾಜ್ಯ, ಅಲ್ಲಿ ಗೆದ್ದರೆ ರಾಷ್ಟ್ರೀಯ ಶಾಲಾ ಆಟಗಳು. ರಾಜ್ಯದಲ್ಲಿ ಒಟ್ಟು 8 ಕ್ರೀಡಾ ವಿಭಾಗಗಳಿವೆ. ಸಿಬಿಎಸ್‌ಇಗೆ ಕ್ಲಸ್ಟರ್‌ನಿಂದ, ಅಂದರೆ ಒಂದು ಪ್ರದೇಶದ ಶಾಲೆಗಳ ಗುಂಪಿನಿಂದ, ಶುರುವಾಗಿ ತನ್ನದೇ ರಾಷ್ಟ್ರೀಯ ಸ್ಪರ್ಧೆ ಇದೆ, ಐಸಿಎಸ್‌ಇ ಶಾಲೆಗಳದ್ದೂ ಬೇರೆ. ಸ್ಟೇಟ್ ಬೋರ್ಡಿನಲ್ಲಿ ಹತ್ತನೇ ತರಗತಿಗೆ ಕ್ರೀಡೆಯ ಗ್ರೇಸ್ ಅಂಕಗಳೂ ಸಿಗುತ್ತವೆ. ಆದರೆ ಇದೆಲ್ಲಕ್ಕೂ ಶಾಲೆಯವರು ಮಕ್ಕಳ ಹೆಸರನ್ನು ಸಮಯಕ್ಕೆ ಆನ್‌ಲೈನ್‌ನಲ್ಲಿ ನೋಂದಾಯಿಸಬೇಕು, ಫಾರ್ಮಿಗೆ ಪ್ರಿನ್ಸಿಪಾಲರ ಸಹಿ ಹಾಕಿಸಬೇಕು, ಬೆಳಿಗ್ಗೆ ಮಕ್ಕಳನ್ನು ಕರೆದುಕೊಂಡು ಹೋಗಬೇಕು. ನಮ್ಮ ಸೊಸೈಟಿಯ ಅಕ್ಕ ಒಬ್ಬರ ಮಗ ಚೆನ್ನಾಗಿ ಉದ್ದ ಜಿಗಿಯುತ್ತಾನೆ. ಅವನ ಶಾಲೆಯವರು ಕೊನೆಯ ದಿನಾಂಕ ದಾಟಿಸಿಬಿಟ್ಟರು, ಆ ವರ್ಷ ಜಿಲ್ಲೆಗೇ ಹೋಗಲಿಲ್ಲ. ಅಕ್ಕ ಈಗಲೂ ಅದನ್ನು ಹೇಳುವಾಗ ದನಿ ನಡುಗುತ್ತದೆ. ಆದ್ದರಿಂದ ಹೋದ ವರ್ಷ ಯಾವ ಯಾವ ಆಟಕ್ಕೆ ಎಷ್ಟು ಮಕ್ಕಳನ್ನು ಕಳಿಸಿದಿರಿ, ಎಂಟ್ರಿ ಪಟ್ಟಿ ತೋರಿಸಿ ಅಂತ ಕೇಳಿ. ನಮ್ಮ ಶಾಲೆಯ ಮೇಡಂ ಆ ಫೈಲನ್ನು ಎರಡು ನಿಮಿಷದಲ್ಲಿ ತೆಗೆದು ಮುಂದಿಟ್ಟರು.

ಕ್ರಿಕೆಟ್ ಮಕ್ಕಳ ಲೆಕ್ಕ ಬೇರೆ, ಅದೂ ಮುಂಬೈಯಲ್ಲಿ ಪೂರ್ತಿ ಬೇರೆ. ಅಲ್ಲಿ ಮುಂಬೈ ಶಾಲಾ ಕ್ರೀಡಾ ಸಂಸ್ಥೆ 1893ರಿಂದ ಇದೆ, ಹ್ಯಾರಿಸ್ ಶೀಲ್ಡ್ ಮತ್ತು ಗೈಲ್ಸ್ ಶೀಲ್ಡ್ ಅನ್ನುವ ಶಾಲಾ ಕ್ರಿಕೆಟ್ ಟೂರ್ನಮೆಂಟ್‌ಗಳಿಗಾಗಿಯೇ ಜನ ಶಾಲೆ ಬದಲಾಯಿಸುತ್ತಾರೆ. ಸಚಿನ್ ತೆಂಡೂಲ್ಕರ್ ಕೋಚ್ ರಮಾಕಾಂತ್ ಆಚ್ರೇಕರ್ ಮಾತು ಕೇಳಿ ಶಾರದಾಶ್ರಮ ಶಾಲೆಗೆ ಬಂದದ್ದು, 1988ರಲ್ಲಿ ಆಜಾದ್ ಮೈದಾನದಲ್ಲಿ ವಿನೋದ್ ಕಾಂಬ್ಳಿ ಜೊತೆ 664 ರನ್ ಸೇರಿಸಿದ್ದು ಎಲ್ಲರಿಗೂ ಗೊತ್ತು. ನನಗೆ ಇನ್ನೂ ಹತ್ತಿರ ಅನಿಸುವುದು ರೋಹಿತ್ ಶರ್ಮಾ ವಿಷಯ. ಬೋರಿವಲಿಯ ಸ್ವಾಮಿ ವಿವೇಕಾನಂದ ಶಾಲೆಯ ತಿಂಗಳ ಫೀ 275 ರೂಪಾಯಿ ಕಟ್ಟಲು ಮನೆಯಲ್ಲಿ ಆಗುತ್ತಿರಲಿಲ್ಲ. ಕೋಚ್ ದಿನೇಶ್ ಲಾಡ್ ತಾವೇ ಶಾಲೆಯವರ ಹತ್ತಿರ ಮಾತಾಡಿ ಫೀ ಮಾಫಿ ಮಾಡಿಸಿದರು. ಮಗುವಿನ ಪರವಾಗಿ ಆಫೀಸಿಗೆ ಹೋಗಿ ಮಾತಾಡುವ ಒಬ್ಬ ಕೋಚ್ ಶಾಲೆಯೊಳಗೇ ಇರುವುದು ಎಂಥ ಬಲ ನೋಡಿ. ಟರ್ಫ್ ನೋಡುವ ಮೊದಲು ಆ ಮನುಷ್ಯ ಇದ್ದಾರಾ ಅಂತ ನೋಡಬೇಕು.

ಖಾಸಗಿ ಶಾಲೆಯೇ ಯಾಕೆ, ಸರ್ಕಾರದ್ದು ಇದೆಯಲ್ಲ ಅಂತ ಕೇಳುವವರಿಗೆ: ಇದೆ, ತುಂಬಾ ಚೆನ್ನಾಗಿದೆ. ಬಾಲೇವಾಡಿಯ ಶಿವ ಛತ್ರಪತಿ ಕ್ರೀಡಾ ಸಂಕುಲದಲ್ಲಿ, ಬೇರೆ ಜಿಲ್ಲೆಗಳಲ್ಲೂ ರಾಜ್ಯದ ಕ್ರೀಡಾ ಪ್ರಬೋಧಿನಿ ಅನ್ನುವ ತರಬೇತಿ ಕೇಂದ್ರ ಇದೆ. ಊಟ, ವಸತಿ, ತರಬೇತಿ ಸರ್ಕಾರದ್ದು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಶೂಟಿಂಗ್ ಕಂಚು ಗೆದ್ದ ಕೊಲ್ಹಾಪುರದ ಸ್ವಪ್ನಿಲ್ ಕುಸಾಳೆ ಕ್ರೀಡಾ ಪ್ರಬೋಧಿನಿಯಿಂದಲೇ ಬಂದವರು. ಗಂಡುಮಕ್ಕಳಿಗೆ ಮುಂಢ್ವಾದ ಆರ್ಮಿ ಸ್ಪೋರ್ಟ್ಸ್ ಇನ್‌ಸ್ಟಿಟ್ಯೂಟ್‌ನಲ್ಲಿ ಬಾಯ್ಸ್ ಸ್ಪೋರ್ಟ್ಸ್ ಕಂಪನಿ ಅನ್ನುವ ಸೇನೆಯ ತರಬೇತಿ ತುಕಡಿ ಇದೆ, 8ರಿಂದ 14 ವರ್ಷದೊಳಗೆ ಆಯ್ಕೆ. ಅಲ್ಲಿನ ಸ್ಟೇಡಿಯಂಗೆ 2021ರಲ್ಲಿ ನೀರಜ್ ಚೋಪ್ರಾ ಹೆಸರಿಟ್ಟರು. ಮಗು ಹಾಸ್ಟೆಲ್‌ನಲ್ಲಿ ಇರಲು ತಯಾರಿದ್ದರೆ ಮೊದಲು ಇವನ್ನೇ ಪ್ರಯತ್ನಿಸಿ. ನಮ್ಮ ಹುಡುಗಿ ಮನೆ ಬಿಟ್ಟು ಇರಲ್ಲ ಅಂದಳು, ನಾವೂ ಒತ್ತಾಯ ಮಾಡಲಿಲ್ಲ.

ಇದರ ಜೊತೆ ಒಂದು ಮಾತು. ಕೆಲವು ಶಾಲೆಗಳ ಜಾಹೀರಾತಿನಲ್ಲಿ ಖೇಲೋ ಇಂಡಿಯಾ ಹೆಸರು ದೊಡ್ಡದಾಗಿ ಇರುತ್ತದೆ. ಆ ಸ್ಕಾಲರ್‌ಶಿಪ್ ಕೇಂದ್ರ ಸರ್ಕಾರದ್ದು. ಆಯ್ಕೆಯಾದ ಆಟಗಾರರಿಗೆ ವರ್ಷಕ್ಕೆ 5 ಲಕ್ಷದಂತೆ 8 ವರ್ಷ ಅಂತ ಘೋಷಿಸಿದ್ದು, ಅದರಲ್ಲಿ ತಿಂಗಳಿಗೆ 10,000 ರೂಪಾಯಿ ಮಗುವಿನ ಕೈಖರ್ಚಿಗೆ. ಅದು ಮಗುವಿನ ಆಟ ನೋಡಿ ಸಿಗುವುದು. ಇಂಥ ಶಾಲೆಗೆ ಸೇರಿದರೆ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಟ್ರಯಲ್ಸ್‌ಗೆ ಹೋಗುವಾಗ ಜನನ ಪ್ರಮಾಣಪತ್ರ, ಆಧಾರ್, ಹಿಂದಿನ ಶಾಲೆಯ ಬೋನಾಫೈಡ್, ಸರ್ಟಿಫಿಕೇಟ್‌ಗಳ ಒರಿಜಿನಲ್ ಇಟ್ಟುಕೊಳ್ಳಿ. ಹೆಸರಿನ ಸ್ಪೆಲ್ಲಿಂಗ್ ಎಲ್ಲದರಲ್ಲೂ ಒಂದೇ ಇರಲಿ. ನಮ್ಮ ಕಡೆಯವರಿಗೆ ಇದೊಂದು ತಲೆನೋವು, ಊರಿನ ದಾಖಲೆಯಲ್ಲಿ ಊರಿನ ಹೆಸರು ಅಡ್ಡಹೆಸರಾಗಿರುತ್ತದೆ, ಇಲ್ಲಿ ಮಗುವಿನ ಹೆಸರಿನ ಜೊತೆ ಅಪ್ಪನ ಹೆಸರು, ಆಮೇಲೆ ಅಡ್ಡಹೆಸರು ಬರೆಯುತ್ತಾರೆ, ಎರಡೂ ತಾಳೆಯಾಗುವುದಿಲ್ಲ. ಆರು ತಿಂಗಳು ಮೊದಲೇ ಸರಿಮಾಡಿಸಿ. ಸರ್ಟಿಫಿಕೇಟ್‌ಗಳಲ್ಲಿ ಕ್ರೀಡಾಧಿಕಾರಿ ಕಚೇರಿಯದ್ದು, ರಾಜ್ಯ ಅಥ್ಲೆಟಿಕ್ಸ್ ಸಂಸ್ಥೆಯದ್ದು ಮೇಲೆ ಇಡಿ. ಖಾಸಗಿ ಮ್ಯಾರಥಾನ್‌ಗಳ ಪದಕ ಹತ್ತು ಇದ್ದರೂ ಯಾರೂ ಅಷ್ಟಾಗಿ ನೋಡಲಿಲ್ಲ. ವಯಸ್ಸಿನ ವಿಷಯದಲ್ಲಿ ಯಾವ ಆಟಕ್ಕೂ ಸುಳ್ಳು ಹೇಳಲು ಹೋಗಬೇಡಿ, ಕ್ರಿಕೆಟ್ ಮಂಡಳಿಯವರು ಕೈಮೂಳೆಯ ಎಕ್ಸ್‌ರೇ ತೆಗೆದೇ ನೋಡುತ್ತಾರೆ. ಕರ್ನಾಟಕದಿಂದ ಈಗಷ್ಟೇ ವರ್ಗವಾಗಿ ಬರುವವರಿಗೆ ಇನ್ನೊಂದು: 2020ರ ಕಾಯ್ದೆಯಿಂದ ಇಲ್ಲಿ ಎಲ್ಲ ಬೋರ್ಡಿನ ಶಾಲೆಗಳಲ್ಲೂ ಮರಾಠಿ ಕಲಿಸಬೇಕು. ಹೊಸದಾಗಿ ಬಂದ ಮಗುವಿಗೆ ಹೇಗೆ ಸಹಾಯ ಮಾಡುತ್ತೀರಿ ಅಂತ ಕೇಳಿ. ಆಡುವ ಮಕ್ಕಳು ಮೈದಾನದಲ್ಲೇ ಮರಾಠಿ ಕಲಿತುಬಿಡುತ್ತಾರೆ, ಅದರ ಚಿಂತೆ ಜಾಸ್ತಿ ಬೇಡ.

ಓದು? ಟೂರ್ನಮೆಂಟಿಗೆ ಹೋದಾಗ ತಪ್ಪಿದ ಯೂನಿಟ್ ಟೆಸ್ಟ್ ಮತ್ತೆ ಕೊಡುತ್ತಾರಾ, ಹಾಜರಿ ಹಾಕುತ್ತಾರಾ ಅಂತ ಕ್ಲಾಸ್ ಟೀಚರ್‌ಗೇ ಕೇಳಿ, ಆಫೀಸಿನವರಿಗಲ್ಲ. ನಮ್ಮ ಶಾಲೆಯಲ್ಲಿ ಮತ್ತೆ ಟೆಸ್ಟ್ ಇದೆ, ಆದರೆ ಗಣಿತದ ಪಾಠ ತಪ್ಪಿದ್ದನ್ನು ಯಾರೂ ಹೇಳಿಕೊಡುವುದಿಲ್ಲ, ಗೆಳತಿಯ ನೋಟ್ಸ್ ನೋಡಿ ರಾತ್ರಿ ನಾವೇ ಕೂರಬೇಕು. ಇದು ಈ ಶಾಲೆಯ ದೊಡ್ಡ ಕೊರತೆ. ಲ್ಯಾಬ್ ಸಾಧಾರಣ. ಕ್ಯಾಂಟೀನಿನಲ್ಲಿ ವಡಾಪಾವ್, ಸಮೋಸಾ ಬಿಟ್ಟರೆ ಓಡುವ ಮಗು ತಿನ್ನುವಂಥದ್ದು ಏನೂ ಇಲ್ಲ, ಎರಡು ಡಬ್ಬಿ ಕಟ್ಟಿ ಕಳಿಸುತ್ತೇನೆ, ಒಂದರಲ್ಲಿ ರೊಟ್ಟಿ, ಮೊಳಕೆ ಕಾಳಿನ ಪಲ್ಯ, ಶೇಂಗಾ ಚಟ್ನಿ, ಇನ್ನೊಂದರಲ್ಲಿ ಬೇಯಿಸಿದ ಮೊಟ್ಟೆ ಬಾಳೆಹಣ್ಣು. ಆಫೀಸಿನಲ್ಲಿ ಒಂದು ಟಿಸಿ ಕೆಲಸಕ್ಕೂ ಓಡಾಡಿಸುತ್ತಾರೆ.

ಸೇರಿಸಿದ ಮೇಲೆ ಒಂದು ಸೀಸನ್ ಆಯಿತು. ಜಿಲ್ಲೆಯಲ್ಲಿ 600 ಮೀಟರ್‌ನಲ್ಲಿ ಫೈನಲ್ ಓಡಿದಳು, ಪದಕ ಬರಲಿಲ್ಲ. ಅವಳ ಟೈಮಿಂಗ್ ಮಾತ್ರ ಹಿಂದಿನದಕ್ಕಿಂತ ಚೆನ್ನಾಗಿತ್ತು, ಮೇಡಂ ಅಲ್ಲೇ ನಿಂತು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಅವಳಿಗೆ ತೋರಿಸಿದರು. ಸ್ಕಾಲರ್‌ಶಿಪ್ ಮುಂದುವರಿದಿದೆ.

ಇಂಗ್ಲಿಷ್ ಮಾಧ್ಯಮದ ಬಹಳ ಶಾಲೆಗಳಲ್ಲಿ ಮುಂದಿನ ವರ್ಷದ ಅಡ್ಮಿಷನ್ ಮಾತುಕತೆ ದೀಪಾವಳಿ ಮುಗಿದ ಮೇಲೆ ಶುರುವಾಗುತ್ತದೆ, ಸ್ಕಾಲರ್‌ಶಿಪ್ ಸೀಟು ಕೆಲವೇ ಇರುತ್ತವೆ. ಮಾರ್ಚ್‌ವರೆಗೆ ಕಾಯಬೇಡಿ. ನಮ್ಮ ಕಡೆ ಒಂದು ಬಾಕಿ ಇದೆ. ಶಾಲೆಯ ಬಸ್ಸು ಮೂರೂವರೆಗೆ ಹೊರಡುತ್ತದೆ, ಅಭ್ಯಾಸ ಮುಗಿಯುವುದು ಐದೂವರೆಗೆ, ಅಷ್ಟು ಹೊತ್ತಿಗೆ ಸಿಂಹಗಡ ರಸ್ತೆಯಲ್ಲಿ ಗಾಡಿ ಅಲುಗಾಡುವುದಿಲ್ಲ. ಬಸ್ಸಿನ ಪೂರ್ತಿ ಫೀ ಕಟ್ಟಿಯೂ ಆಟದ ಮಕ್ಕಳು ದಿನಾ ರಿಕ್ಷಾದಲ್ಲಿ ಬರಬೇಕು. ಸಂಜೆ ಒಂದು ಬಸ್ಸು ಬಿಡಿ, ಇಲ್ಲದಿದ್ದರೆ ಅರ್ಧ ಫೀ ವಾಪಸ್ ಕೊಡಿ ಅಂತ ಆಟದ ಮಕ್ಕಳ ತಾಯಂದಿರೆಲ್ಲ ಸಹಿ ಮಾಡಿ ಅರ್ಜಿ ಕೊಟ್ಟಿದ್ದೇವೆ. ಮುಂದಿನ ಪೇರೆಂಟ್ಸ್ ಮೀಟಿಂಗಿನಲ್ಲಿ ಉತ್ತರ ಕೊಡುತ್ತೇವೆ ಅಂದಿದ್ದಾರೆ. ಏನು ಹೇಳಿದರು ಅಂತ ಬಂದು ಇಲ್ಲೇ ಸೇರಿಸುತ್ತೇನೆ.